ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ಬಿಯರ್ ಹುದುಗಿಸುವವರಿಗೆ

ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದವನ್ನು ಇಲ್ಲಿ ಕೊಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ. ಉಷ್ಣತೆಯೆಲ್ಲ ಸೆಲ್ಸಿಯಸ್ ಡಿಗ್ರಿಯಲ್ಲಿದೆ. ಸ್ವಂತ ಬಳಕೆಗೆ ಬಿಯರ್ ತಯಾರಿಸಲು ಕೆಲವು ಕಡೆ ಅನುಮತಿ ಇದೆ, ಕೆಲವು ಕಡೆ ಇಲ್ಲ. ನೀವಿರುವಲ್ಲಿನ ಅಬಕಾರಿ ನಿಯಮ ತಿಳಿದುಕೊಂಡೇ ಒಲೆ ಹಚ್ಚಿ.

ಪ್ರಶ್ನೆ: ಇದುವರೆಗೆ ಮಾಡಿ ಗೊತ್ತಿಲ್ಲ. ದೊಡ್ಡ ಉಪಕರಣಗಳನ್ನು ಕೊಳ್ಳದೆ ಅಡುಗೆಮನೆಯಲ್ಲೇ 10 ಲೀಟರ್‌ನಷ್ಟು ಮಾಡಿ ನೋಡಬೇಕೆಂದಿದ್ದೇನೆ. ಅಳತೆ ಸಮೇತ ತಿಳಿಸಿ.

ಉತ್ತರ: ಇಷ್ಟು ಪ್ರಮಾಣಕ್ಕೆ ಚೀಲದ ವಿಧಾನವೇ ಸರಿ. ನೆನೆಸಲು ಒಂದು ಪಾತ್ರೆ, ಸೋಸಲು ಒಂದು, ಕುದಿಸಲು ಇನ್ನೊಂದು ಎಂಬ ರಗಳೆಯಿಲ್ಲದೆ ಎಲ್ಲವೂ ಒಂದೇ ಪಾತ್ರೆಯಲ್ಲಿ ಮುಗಿಯುತ್ತದೆ. 20 ಲೀಟರ್ ಹಿಡಿಯುವ ಸ್ಟೀಲ್ ಪಾತ್ರೆ, ಅದರೊಳಗೆ ಸಡಿಲವಾಗಿ ಕೂರುವ ಪಾಲಿಯೆಸ್ಟರ್ ಬಲೆಯ ಚೀಲ, ನಂಬಿಕಸ್ತ ಥರ್ಮಾಮೀಟರ್, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಏರ್‌ಲಾಕ್ ಇರುವ 14–15 ಲೀಟರಿನ ಆಹಾರದರ್ಜೆಯ ಪ್ಲಾಸ್ಟಿಕ್ ಫರ್ಮೆಂಟರ್ (ಹುದುಗಿಸುವ ಪಾತ್ರೆ), ಸೈಫನ್ ಕೊಳವೆ, ಬಾಟಲಿಗೆ ಮುಚ್ಚಳ ಒತ್ತುವ ಕ್ಯಾಪರ್: ಇಷ್ಟು ಸಾಕು. ದುಡ್ಡು ಉಳಿಸುವುದಾದರೆ ಪಾತ್ರೆಯಲ್ಲಿ ಉಳಿಸಿ, ಥರ್ಮಾಮೀಟರಿನಲ್ಲಿ ಬೇಡ.

ಸಾಮಗ್ರಿ ಹೀಗೆ: ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 2.3 ಕೆ.ಜಿ., ಕ್ರಿಸ್ಟಲ್ ಮಾಲ್ಟ್ 150 ಗ್ರಾಂ, 8 ಶೇಕಡಾ ಆಲ್ಫಾ ಆಮ್ಲವಿರುವ ಹಾಪ್ಸ್ (ಕಹಿಯನ್ನೂ ಪರಿಮಳವನ್ನೂ ಕೊಡುವ ಒಣ ಹೂವು) 12 ಗ್ರಾಂ, ಸುವಾಸನೆಗೆಂದು ಕೊನೆಯಲ್ಲಿ ಹಾಕಲು ಇನ್ನೊಂದು 12 ಗ್ರಾಂ, ಏಲ್ (ಲಾಗರಿಗಿಂತ ಬೆಚ್ಚಗೆ ಹುದುಗುವ ಬಿಯರ್) ಜಾತಿಯ ಒಣ ಯೀಸ್ಟ್ 6 ಗ್ರಾಂ. 11 ಗ್ರಾಮಿನ ಪೊಟ್ಟಣ ಪೂರ್ತಿ ಸುರಿದರೂ ಹಾನಿಯಿಲ್ಲ. ಮಾಲ್ಟನ್ನು ಹಿಟ್ಟು ಮಾಡಿಸಬೇಡಿ, ನುಚ್ಚಾಗಬೇಕು. ಅಂಗೈ ಮೇಲೆ ಒಂದಿಷ್ಟು ಹರಡಿ ನೋಡಿ: ಒಳಗಿನ ಬಿಳಿಯ ಭಾಗ ಮೂರು ನಾಲ್ಕು ಚೂರಾಗಿ ಒಡೆದಿರಬೇಕು, ಸಿಪ್ಪೆ ಹೆಚ್ಚುಕಡಿಮೆ ಇಡಿಯಾಗಿ ಉಳಿದಿರಬೇಕು, ಒಡೆಯದ ಕಾಳು ಕಾಣಬಾರದು.

15 ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಿ ಒಲೆ ಆರಿಸಿ. ಚೀಲ ಇಳಿಬಿಟ್ಟು ಮಾಲ್ಟನ್ನು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಗಂಟು ಕಟ್ಟದಂತೆ ಕಲಸಿ. ಉಷ್ಣತೆ 66–67ಕ್ಕೆ ಬಂದು ನಿಲ್ಲಬೇಕು. ಮುಚ್ಚಿ, ಕಂಬಳಿ ಹೊದಿಸಿ, ಒಂದು ಗಂಟೆ ಬಿಡಿ. ಇದೇ ಮ್ಯಾಶ್. ಮಾಲ್ಟಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದು ಈ ಒಂದು ಗಂಟೆಯಲ್ಲೇ. 62–65ರ ಆಸುಪಾಸಿನಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವ ಚುರುಕಾಗಿರುತ್ತದೆ. ಯೀಸ್ಟಿಗೆ ಸುಲಭವಾಗಿ ಸಿಗುವ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗುತ್ತದೆ. 70 ದಾಟಿದರೆ ಆಲ್ಫಾ ಅಮೈಲೇಸ್‌ನದೇ ಕಾರುಬಾರು. ಯೀಸ್ಟ್ ಮುಟ್ಟದ ಡೆಕ್ಸ್ಟ್ರಿನ್ ಉಳಿದು ಬಿಯರ್ ಮಂದವಾಗುತ್ತದೆ. ಮೂರು ನಾಲ್ಕು ಡಿಗ್ರಿಗೇ ಇಷ್ಟು ವ್ಯತ್ಯಾಸ. ಥರ್ಮಾಮೀಟರ್ ಮಾತು ಎತ್ತಿದ್ದು ಅದಕ್ಕೇ.

ಚೀಲವನ್ನೆತ್ತಿ ಪಾತ್ರೆಯ ಮೇಲೆಯೇ ಸೋರಲು ಬಿಡಿ, ಬೇಕಾದರೆ ಹಿಂಡಿ. ಉಳಿದ ಸಿಹಿನೀರಿಗೆ ವರ್ಟ್ ಎಂದು ಹೆಸರು. ಅದನ್ನು ಮುಚ್ಚಳ ತೆಗೆದೇ ಒಂದು ಗಂಟೆ ಕುದಿಸಬೇಕು. ಕುದಿ ಬರುವ ಹೊತ್ತಿಗೆ ನೊರೆ ಒಮ್ಮೆಗೇ ಉಕ್ಕುತ್ತದೆ, ಒಲೆ ಬಿಟ್ಟು ಕದಲಬೇಡಿ. ನೊರೆ ಇಳಿದ ಮೇಲೆ ಮೊದಲ 12 ಗ್ರಾಂ ಹಾಪ್ಸ್ ಹಾಕಿ. ಅದರ ಆಲ್ಫಾ ಆಮ್ಲ ಕಹಿಯಾಗಿ ಕರಗಲು ದೀರ್ಘ ಕುದಿ ಬೇಕು. ಉಳಿದ 12 ಗ್ರಾಂ ಕೊನೆಯ ಐದು ನಿಮಿಷಕ್ಕಿರಲಿ; ಮೊದಲೇ ಹಾಕಿದರೆ ಸುವಾಸನೆಯ ಎಣ್ಣೆಯೆಲ್ಲ ಹಬೆಯ ಜೊತೆ ಹಾರಿಹೋಗುತ್ತದೆ. ಮುಚ್ಚಳ ಹಾಕಿ ಕುದಿಸಿದರೆ ಡೈಮೀಥೈಲ್ ಸಲ್ಫೈಡ್ ಎಂಬ ವಸ್ತು ಆವಿಯಾಗಿ ಹೋಗದೆ ಹನಿಯಾಗಿ ಮತ್ತೆ ಒಳಗೇ ಬೀಳುತ್ತದೆ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕಾರಣ ಇದೇ.

ಕುದಿ ಮುಗಿದ ಮೇಲೆ ಮುಚ್ಚಳ ಹಾಕಿ, ಪಾತ್ರೆಯನ್ನು ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿಟ್ಟು 20 ಡಿಗ್ರಿಗೆ ಇಳಿಸಿ. ಇಲ್ಲಿಂದ ಮುಂದೆ ವರ್ಟನ್ನು ಮುಟ್ಟುವ ಪ್ರತಿಯೊಂದು ವಸ್ತುವೂ ಸ್ಯಾನಿಟೈಸರಿನಲ್ಲಿ ಅದ್ದಿದ್ದಾಗಿರಬೇಕು. ಫರ್ಮೆಂಟರಿಗೆ ಎತ್ತರದಿಂದ ಸುರಿದು ಎರಡು ನಿಮಿಷ ಚೆನ್ನಾಗಿ ಅಲುಗಾಡಿಸಿ. ಯೀಸ್ಟ್ ಬೆಳೆಯಲು ಆಮ್ಲಜನಕ ಬೇಕು, ಇಡೀ ಕೆಲಸದಲ್ಲಿ ಗಾಳಿ ಸೇರಿಸಬೇಕಾದ್ದು ಇದೊಂದೇ ಗಳಿಗೆ. ಗ್ರ್ಯಾವಿಟಿಯನ್ನು, ಅಂದರೆ ನೀರಿಗೆ ಹೋಲಿಸಿದ ವರ್ಟಿನ ಸಾಂದ್ರತೆಯನ್ನು, ಹೈಡ್ರೋಮೀಟರಿನಲ್ಲಿ ಅಳೆದು ಬರೆದಿಡಿ. ಸುಮಾರು 1.048–1.050 ಬರಬೇಕು. ಯೀಸ್ಟ್ ಉದುರಿಸಿ ಮುಚ್ಚಿ, 18–20 ಡಿಗ್ರಿಯಲ್ಲಿ ಎರಡು ವಾರ ಬಿಡಿ. ಗ್ರ್ಯಾವಿಟಿ 1.011ರ ಹತ್ತಿರ ನಿಂತರೆ ಮದ್ಯಾಂಶ 5 ಶೇಕಡಾ. ಲೆಕ್ಕ ಸುಲಭ: ಮೊದಲ ಅಳತೆಯಲ್ಲಿ ಕೊನೆಯ ಅಳತೆ ಕಳೆದು 131ರಿಂದ ಗುಣಿಸಿ. ಬಾಟಲಿಗೆ ತುಂಬುವ ಕ್ರಮ ಮುಂದೆ, ಬಾಟಲಿ ಒಡೆದವರಿಗೆ ಕೊಟ್ಟ ಉತ್ತರದಲ್ಲಿದೆ.

ಮಾಲ್ಟ್ ನುಚ್ಚಿನ ಕೆಲಸವೇ ಬೇಡ ಅನ್ನುವವರು ಮಾಲ್ಟಿನ ಸಿಹಿನೀರನ್ನು ಒಣಗಿಸಿದ ಪುಡಿ, ಅಂದರೆ 1.3 ಕೆ.ಜಿ. ಒಣ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಕರಗಿಸಿ ನೇರವಾಗಿ ಕುದಿಸುವ ಹಂತಕ್ಕೆ ಬರಬಹುದು. ಪುಡಿ ಹಾಕುವಾಗ ಒಲೆ ಆರಿಸಿರಿ, ಇಲ್ಲದಿದ್ದರೆ ತಳ ಹಿಡಿಯುತ್ತದೆ.

ಪ್ರಶ್ನೆ: 1.049 ಬರಬೇಕಾದ ಗ್ರ್ಯಾವಿಟಿ 1.038 ಬಂತು. ಅಳೆದಾಗ ವರ್ಟ್ ಸುಮಾರು 50 ಡಿಗ್ರಿ ಇತ್ತು. ಮಾಲ್ಟ್ ಕೆಟ್ಟದ್ದೇ?

ಉತ್ತರ: ಮಾಲ್ಟಿನ ತಪ್ಪಲ್ಲ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಹೈಡ್ರೋಮೀಟರ್ ಸಾಮಾನ್ಯವಾಗಿ 20 ಡಿಗ್ರಿಗೆ ಹೊಂದಿಸಿದ ಉಪಕರಣ. ದ್ರವ ಬಿಸಿಯಾದಷ್ಟೂ ಹಗುರ, ಅಳತೆ ಕಡಿಮೆ ತೋರುತ್ತದೆ. 40 ಡಿಗ್ರಿಯಲ್ಲಿ ಸುಮಾರು 0.006, 50ರಲ್ಲಿ 0.010, 60ರಲ್ಲಿ 0.015 ಕೂಡಿಸಬೇಕು. ನಿಮ್ಮದು ನಿಜಕ್ಕೆ 1.048. ಮುಂದಿನ ಸಲ ಮಾದರಿಯನ್ನು ತಣ್ಣಗೆ ಮಾಡಿಯೇ ಅಳೆಯಿರಿ.

ತಣ್ಣಗಿದ್ದೂ ಕಡಿಮೆ ಬಂದವರು ಮೊದಲು ಲೀಟರ್ ಎಣಿಸಿ. 10 ಲೀಟರ್ ಆಗಬೇಕಾದಲ್ಲಿ 12 ಲೀಟರ್ ಉಳಿದಿದ್ದರೆ ಸಕ್ಕರೆ ಕಳೆದುಹೋಗಿಲ್ಲ, ನೀರು ಹೆಚ್ಚಾಗಿದೆ ಅಷ್ಟೇ. ಅಳತೆ ಸರಿಯಿದ್ದರೆ ಮಾತ್ರ ನುಚ್ಚಿನ ಕಡೆ ನೋಡಿ. ಒಡೆಯದ ಕಾಳು ಸಕ್ಕರೆ ಬಿಡುವುದಿಲ್ಲ. ಎಕ್ಸ್‌ಟ್ರ್ಯಾಕ್ಟ್ ಬಳಸಿ ಕೊನೆಗೆ ತಣ್ಣೀರು ಸೇರಿಸುವವರಲ್ಲಿ ಬೇರೊಂದು ಕಾರಣ ಕಾಣುತ್ತದೆ: ಗಟ್ಟಿ ವರ್ಟ್ ತಳದಲ್ಲೇ ಉಳಿದು ಮೇಲಿನ ಪದರ ನೀರಾಗಿರುತ್ತದೆ. ಕಲಕದೆ ಅಳೆದರೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ನಮ್ಮ ಕೋಣೆಯ ಉಷ್ಣತೆ 28–30. ಮಾಡಿದ ಏಲ್‌ನಲ್ಲಿ ಪ್ರತಿಸಲವೂ ಬಾಳೆಹಣ್ಣಿನ ವಾಸನೆ, ಜೊತೆಗೆ ಬಣ್ಣ ತೆಳು ಮಾಡುವ ಥಿನ್ನರಿನಂಥ ಘಾಟು. ತಿಂಗಳುಗಟ್ಟಲೆ ಇಟ್ಟರೂ ಹೋಗುವುದಿಲ್ಲ.

ಉತ್ತರ: ಹೋಗುವುದೂ ಇಲ್ಲ. ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟಿನದು, ಥಿನ್ನರಿನದು ಈಥೈಲ್ ಅಸಿಟೇಟಿನದು, ಗಂಟಲು ಸುಡುವ ಬಿಸಿ ಫ್ಯೂಸೆಲ್ ಆಲ್ಕೊಹಾಲುಗಳದು. ಮೂರೂ ಯೀಸ್ಟ್ ಅತಿ ಬಿಸಿಯಲ್ಲಿ ಆತುರಾತುರವಾಗಿ ಬೆಳೆದಾಗ ಹುಟ್ಟುವಂಥವು, ಒಮ್ಮೆ ಹುಟ್ಟಿದ ಮೇಲೆ ತೆಗೆಯಲು ಉಪಾಯವಿಲ್ಲ. ನಮಗೆ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಲ್ಲಿದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಕೋಣೆಯ ಉಷ್ಣತೆಯನ್ನೇ ಬಿಯರಿನ ಉಷ್ಣತೆ ಎಂದುಕೊಳ್ಳಬೇಡಿ. ಹುದುಗುವಿಕೆಯಲ್ಲಿ ಶಾಖ ಹುಟ್ಟುತ್ತದೆ. ಎರಡನೆಯ ದಿನ ಕಂದು ಬಣ್ಣದ ದಪ್ಪ ನೊರೆ ಮುಚ್ಚಳದ ಕಡೆಗೆ ಏರುತ್ತಿರುವಾಗ ಫರ್ಮೆಂಟರಿನ ಪಕ್ಕಕ್ಕೆ ಕೈಯಿಟ್ಟು ನೋಡಿ, ಬೆಚ್ಚಗಿರುವುದು ಕೈಗೇ ತಿಳಿಯುತ್ತದೆ. ಒಳಗೆ ಕೋಣೆಗಿಂತ 3–5 ಡಿಗ್ರಿ ಹೆಚ್ಚಿರುತ್ತದೆ. ನಿಮ್ಮ ಏಲ್ ಹುದುಗಿದ್ದು 33ರ ಸುಮಾರಿಗೆ. ಆ ಯೀಸ್ಟ್ ಕೇಳುವುದು 18–20.

ಸಮಾಧಾನದ ಸಂಗತಿಯೆಂದರೆ ಎರಡು ವಾರವೂ ತಂಪು ಕಾಯಬೇಕಿಲ್ಲ. ರುಚಿ ನಿರ್ಧಾರವಾಗುವುದು ಯೀಸ್ಟ್ ಹಾಕಿದ ಮೊದಲ ಮೂರು ದಿನದಲ್ಲಿ. ಫರ್ಮೆಂಟರನ್ನು ದೊಡ್ಡ ಟಬ್ಬಿನಲ್ಲಿಟ್ಟು, ಒಳಗಿನ ಬಿಯರಿನ ಮಟ್ಟಕ್ಕೆ ಸಮನಾಗಿ ಹೊರಗೂ ನೀರು ತುಂಬಿಸಿ. ಫ್ರೀಜರಿನಲ್ಲಿ ಗಟ್ಟಿ ಮಾಡಿದ ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ ಅದರಲ್ಲಿ ತೇಲಲಿ. ಬೆಳಿಗ್ಗೆ ಸಂಜೆ ಬದಲಿಸುತ್ತಾ, ಟಬ್ಬಿನ ನೀರಿನಲ್ಲಿ ಥರ್ಮಾಮೀಟರ್ ಇಟ್ಟು, 17–18 ದಾಟದಂತೆ ಕಾಯಿರಿ. ಒದ್ದೆ ಬಟ್ಟೆ ಸುತ್ತಿ ಫ್ಯಾನ್ ಹಾಕುವ ಉಪಾಯ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ನೀರು ಆರದು, ತಂಪೂ ಆಗದು. ನಾಲ್ಕನೆಯ ದಿನದಿಂದ ಬಾಟಲಿ ಬದಲಿಸುವುದನ್ನು ನಿಲ್ಲಿಸಿ, ಉಷ್ಣತೆ ತಾನಾಗಿ 21–22ಕ್ಕೆ ಏರಲಿ. ಕೊನೆಯ ಈ ಬಿಸುಪು ಯೀಸ್ಟ್ ಕೆಲಸ ಪೂರೈಸಲು ನೆರವಾಗುತ್ತದೆ.

ಹಳೆಯ ಫ್ರಿಜ್ ಇದ್ದು ಅದಕ್ಕೊಂದು ಉಷ್ಣತಾ ನಿಯಂತ್ರಕ ಜೋಡಿಸುವವರು ಸೆನ್ಸರನ್ನು ಗಾಳಿಯಲ್ಲಿ ನೇತು ಹಾಕಬೇಡಿ. ಫರ್ಮೆಂಟರಿನ ಹೊರಮೈಗೆ ಅಂಟಿಸಿ, ಮೇಲೆ ಥರ್ಮೊಕೋಲ್ ತುಂಡು ಮುಚ್ಚಿ ಟೇಪ್ ಸುತ್ತಿ. ಗಾಳಿ ಅಳೆದರೆ ಫ್ರಿಜ್ ತಂಪಾಗಿರುತ್ತದೆ, ಬಿಯರ್ ಕುದಿಯುತ್ತಿರುತ್ತದೆ.

ಇನ್ನೊಂದು ತಪ್ಪು ತುಂಬ ಜನ ಮಾಡುತ್ತಾರೆ: ವರ್ಟ್ 28ರಲ್ಲಿದ್ದಾಗಲೇ ಯೀಸ್ಟ್ ಹಾಕಿ, ‘ಆಮೇಲೆ ತಂಪಾಗುತ್ತದೆ’ ಎಂದು ಬಿಡುವುದು. ತಂಪಾಗುವಷ್ಟರಲ್ಲಿ ಯೀಸ್ಟ್ ಬೆಳೆದು ಮುಗಿದಿರುತ್ತದೆ. ಒಂದು ರಾತ್ರಿ ಮುಚ್ಚಿಟ್ಟು ಕಾದರೂ ಚಿಂತೆಯಿಲ್ಲ, 18ಕ್ಕೆ ಇಳಿದ ಮೇಲೆಯೇ ಹಾಕಿ.

ತಂಪು ಮಾಡಲು ಸಾಧ್ಯವೇ ಇಲ್ಲ ಎನ್ನುವವರು ಯೀಸ್ಟ್ ಬದಲಿಸಿ. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೈಕ್ ಯೀಸ್ಟುಗಳಿವೆ. ಅದರಲ್ಲಿ ವೊಸ್ ಎಂಬ ಬಗೆ 35 ಡಿಗ್ರಿಯಲ್ಲೂ ಹದವಾಗಿ ಹುದುಗುತ್ತದೆ, ಕಿತ್ತಳೆ ಸಿಪ್ಪೆಯ ಪರಿಮಳ ಕೊಡುತ್ತದೆ. ಬೆಲ್ಜಿಯಮ್ಮಿನ ಸೇಸೋನ್ ಯೀಸ್ಟುಗಳೂ ಬಿಸಿ ತಡೆಯುತ್ತವೆ. ಲಾಗರ್ ಯೀಸ್ಟನ್ನಂತೂ ಮುಟ್ಟಬೇಡಿ, ಅದಕ್ಕೆ 9–13 ಬೇಕು.

ಪ್ರಶ್ನೆ: ಮೂರನೆಯ ದಿನಕ್ಕೆ ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತು. ಬಾಟಲಿಗೆ ತುಂಬಬಹುದೇ?

ಉತ್ತರ: ಬೇಡ. ಗುಳ್ಳೆ ಅಳತೆಗೋಲಲ್ಲ. ಮುಚ್ಚಳ ಸ್ವಲ್ಪ ಸಡಿಲಿದ್ದರೆ ಹುದುಗುವಿಕೆ ಜೋರಾಗಿದ್ದಾಗಲೂ ಏರ್‌ಲಾಕ್ ಸುಮ್ಮನಿರುತ್ತದೆ. ಹುದುಗಿ ಮುಗಿದ ಮೇಲೂ ಕೋಣೆ ಬೆಚ್ಚಗಾದರೆ ಕರಗಿದ್ದ ಅನಿಲ ಹೊರಬಂದು ಗುಳ್ಳೆ ಏಳುತ್ತದೆ. ಮೂರು ದಿನದ ಅಂತರದಲ್ಲಿ ಎರಡು ಸಲ ಗ್ರ್ಯಾವಿಟಿ ಅಳೆಯಿರಿ. ಎರಡೂ ಒಂದೇ ಆಗಿದ್ದು, ಯೀಸ್ಟಿಗೆ ತಕ್ಕಷ್ಟು ಇಳಿದಿದ್ದರೆ ಮಾತ್ರ ಮುಗಿಯಿತೆಂದು ಅರ್ಥ. ಬೆಳಕಿನ ಬಾಗುವಿಕೆಯಿಂದ ಸಕ್ಕರೆ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇರುವವರು ಎಚ್ಚರ: ಮದ್ಯ ಸೇರಿದ ಮೇಲೆ ಅದು ಹೆಚ್ಚು ತೋರಿಸುತ್ತದೆ, ತಿದ್ದುಪಡಿ ಲೆಕ್ಕ ಹಾಕದೆ ನಂಬಬಾರದು.

1.020ರಲ್ಲೇ ನಿಂತಿದೆ ಎಂದು ಬರೆದವರಿಗೂ ಇಲ್ಲೇ ಉತ್ತರ. ಫರ್ಮೆಂಟರನ್ನು 22ಕ್ಕೆ ಬೆಚ್ಚಗೆ ಮಾಡಿ, ಮುಚ್ಚಳ ತೆಗೆಯದೆ ಮೆಲ್ಲಗೆ ತಿರುಗಿಸಿ ತಳದ ಯೀಸ್ಟ್ ಎಬ್ಬಿಸಿ. ಅದೇ ಹೊತ್ತಿಗೆ ಒಂದು ಲೋಟದಷ್ಟು ಬಿಯರನ್ನು ಬೇರೆ ತೆಗೆದು, ಧಾರಾಳವಾಗಿ ಯೀಸ್ಟ್ ಹಾಕಿ, ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಿ. ಲೋಟದ್ದು ಇಳಿದರೆ ನಿಮ್ಮ ಯೀಸ್ಟ್ ದಣಿದಿದೆ, ಹುರುಪಾಗಿ ಹುದುಗುತ್ತಿರುವ ಹೊಸ ಯೀಸ್ಟ್ ಸೇರಿಸಿ. ಲೋಟದ್ದೂ ಇಳಿಯದಿದ್ದರೆ ತಿನ್ನುವ ಸಕ್ಕರೆಯೇ ಉಳಿದಿಲ್ಲ, ಮ್ಯಾಶ್ ಬಿಸಿ ಹೆಚ್ಚಾಗಿತ್ತು. ಥರ್ಮಾಮೀಟರನ್ನು ಕುದಿವ ನೀರಿನಲ್ಲೂ ಕರಗುತ್ತಿರುವ ಮಂಜುಗಡ್ಡೆಯಲ್ಲೂ ಪರೀಕ್ಷಿಸಿ. ಎತ್ತರದ ಊರುಗಳಲ್ಲಿ ನೀರು 100ಕ್ಕಿಂತ ಕೆಳಗೇ ಕುದಿಯುತ್ತದೆಂಬುದು ನೆನಪಿರಲಿ.

ಪ್ರಶ್ನೆ: ಕಪಾಟಿನಲ್ಲಿಟ್ಟಿದ್ದ ಮೂರು ಬಾಟಲಿ ರಾತ್ರಿ ಒಡೆದವು. ಇನ್ನೂ 25 ಉಳಿದಿವೆ. ತುಂಬುವಾಗ ಗ್ರ್ಯಾವಿಟಿ 1.016 ಇತ್ತು, ಹಿಂದಿನ ಬ್ಯಾಚ್ 1.011ಕ್ಕೆ ಇಳಿದಿತ್ತು. ಸಕ್ಕರೆಯನ್ನು ಸರಿಯಾಗಿಯೇ ತೂಗಿದ್ದೆ.

ಉತ್ತರ: ಮೊದಲು ಬಾಟಲಿಗಳ ವಿಷಯ. ಬರಿಗೈಯಲ್ಲಿ ಮುಟ್ಟಬೇಡಿ. ಕಣ್ಣಿಗೆ ಕನ್ನಡಕ, ದಪ್ಪ ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡು, ಬಾಟಲಿಗಳ ಮೇಲೆ ದಪ್ಪ ಟವೆಲ್ ಮುಚ್ಚಿಯೇ ಫ್ರಿಜ್ಜಿಗೆ ಸಾಗಿಸಿ. ತಂಪಾದಷ್ಟೂ ಅನಿಲ ಬಿಯರಿನಲ್ಲಿ ಕರಗಿ ಒತ್ತಡ ಇಳಿಯುತ್ತದೆ. ಒಂದು ಹಗಲು ರಾತ್ರಿ ಕಳೆದ ಮೇಲೆ ಒಂದೊಂದನ್ನೇ ಟವೆಲಿನಲ್ಲಿ ಸುತ್ತಿ, ಮುಚ್ಚಳವನ್ನು ತುಸುವೇ ಎತ್ತಿ ಅನಿಲ ಬಿಡಿ. ಸಾಗಿಸುವುದೇ ಅಪಾಯ ಅನ್ನಿಸುವಷ್ಟು ಕೋಣೆ ಬಿಸಿಯಿದ್ದರೆ ಕಪಾಟಿನ ಬಾಗಿಲು ಮುಚ್ಚಿ, ಕೋಣೆ ತಂಪಾಗುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ. 25 ಬಾಟಲಿ ಬಿಯರ್ ಹೋದರೆ ಹೋಗಲಿ, ಕಣ್ಣು ಮುಖ್ಯ.

ಈಗ ಕಾರಣ. ತುಂಬುವಾಗ ಸೇರಿಸುವ ಸಕ್ಕರೆಯನ್ನು ಯೀಸ್ಟ್ ತಿಂದು ಬಾಟಲಿಯೊಳಗೆ ಅನಿಲ ಹುಟ್ಟಿಸುತ್ತದೆ. ಒಂದು ಲೀಟರ್ ಬಿಯರಿನಲ್ಲಿ ಒಂದು ಲೀಟರ್ ಇಂಗಾಲದ ಡೈಆಕ್ಸೈಡ್ ಕರಗಿದ್ದರೆ ಅದು ಒಂದು ವಾಲ್ಯೂಮ್. ಸಾಮಾನ್ಯ ಏಲ್‌ಗೆ 2.4 ವಾಲ್ಯೂಮ್ ಸಾಕು. ಮುಚ್ಚಿದ ಬಾಟಲಿಯೊಳಗೆ ಗ್ರ್ಯಾವಿಟಿ ಒಂದು ಪಾಯಿಂಟ್, ಅಂದರೆ 0.001, ಇಳಿದರೆ ಅರ್ಧ ವಾಲ್ಯೂಮಿಗಿಂತ ತುಸು ಹೆಚ್ಚು ಅನಿಲ ಹುಟ್ಟುತ್ತದೆ. ನಿಮ್ಮಲ್ಲಿ ಇಳಿಯಲು ಇನ್ನೂ 5 ಪಾಯಿಂಟ್ ಬಾಕಿ ಇತ್ತು. ಸಕ್ಕರೆ ಸೇರಿ ಆಗುವ 2.4ರ ಮೇಲೆ ಇದರಿಂದ ಎರಡೂವರೆಗೂ ಹೆಚ್ಚು ಸೇರಿ ಒಟ್ಟು 5 ಆಯಿತು. ಸಾಧಾರಣ ಬಿಯರ್ ಬಾಟಲಿ 3 ದಾಟಿದರೆ ನೆಚ್ಚುವಂತಿಲ್ಲ. ತೂಕ ಸರಿಯಿತ್ತು, ತುಂಬುವ ದಿನ ತಪ್ಪಾಗಿತ್ತು.

ಸಕ್ಕರೆಯ ಲೆಕ್ಕ ಕೇಳಿದ ಇತರರಿಗೆ: 20 ಡಿಗ್ರಿಯಲ್ಲಿ ಹುದುಗಿ ಮುಗಿದ ಬಿಯರಿನಲ್ಲಿ ಆಗಲೇ 0.86 ವಾಲ್ಯೂಮ್ ಕರಗಿರುತ್ತದೆ. 2.4ಕ್ಕೆ ಏರಿಸಲು ಲೀಟರಿಗೆ 6 ಗ್ರಾಂ ಸಾದಾ ಸಕ್ಕರೆ, 10 ಲೀಟರಿಗೆ 60 ಗ್ರಾಂ. ತುಂಬುವ ಮೊದಲು ಬಿಯರನ್ನು ಫ್ರಿಜ್ಜಿನಲ್ಲಿಟ್ಟು ತಿಳಿ ಮಾಡಿದ್ದರೂ ಲೆಕ್ಕಕ್ಕೆ ಹಿಡಿಯಬೇಕಾದ್ದು ಹುದುಗಿದ ನಂತರ ಅದು ಮುಟ್ಟಿದ ಅತಿ ಹೆಚ್ಚಿನ ಉಷ್ಣತೆಯನ್ನು, ಫ್ರಿಜ್ಜಿನದನ್ನಲ್ಲ. ಸಕ್ಕರೆಯನ್ನು ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ಖಾಲಿ ಬಕೆಟ್ಟಿನ ತಳಕ್ಕೆ ಸುರಿದು, ಅದರ ಮೇಲೆ ಬಿಯರನ್ನು ಸೈಫನ್‌ನಿಂದ ಇಳಿಸಿ. ಕೊಳವೆಯ ತುದಿ ದ್ರವದಲ್ಲಿ ಮುಳುಗಿದ್ದು, ಬಕೆಟ್ಟಿನ ಗೋಡೆಗೆ ಒರಗಿ ನಿಧಾನವಾಗಿ ಸುತ್ತಿದರೆ ಸಕ್ಕರೆ ತಾನೇ ಬೆರೆಯುತ್ತದೆ. ಪ್ರತಿ ಬಾಟಲಿಗೆ ಚಮಚದಲ್ಲಿ ಹಾಕುವವರಿಗೆ ಒಂದು ಸಪ್ಪೆ, ಒಂದು ಚಿಮ್ಮುವಂಥದ್ದು ಸಿಗುತ್ತದೆ. ಕುತ್ತಿಗೆಯಲ್ಲಿ 3 ಸೆಂ.ಮೀ. ಖಾಲಿ ಬಿಡಿ. 20–22 ಡಿಗ್ರಿಯಲ್ಲಿ ಎರಡು ವಾರ ಬೇಕು. ಒಂದು ವಾರಕ್ಕೇ ‘ಗ್ಯಾಸ್ ಬಂದಿಲ್ಲ’ ಎಂದು ಬರೆದವರು ಇನ್ನೊಂದು ವಾರ ಕಾಯಿರಿ.

ಪ್ರಶ್ನೆ: ಬಿಯರ್ ಆಸ್ಪತ್ರೆಯ ವಾಸನೆ ಹೊಡೆಯುತ್ತಿದೆ, ಗಾಯಕ್ಕೆ ಹಚ್ಚುವ ಔಷಧಿಯಂತೆ.

ಉತ್ತರ: ಕ್ಲೋರೊಫೀನಾಲ್. ನಲ್ಲಿ ನೀರಿನ ಕ್ಲೋರಿನ್ ಅಥವಾ ಕ್ಲೋರಮೈನ್, ಮಾಲ್ಟಿನಲ್ಲೂ ಯೀಸ್ಟಿನಿಂದಲೂ ಬರುವ ಫೀನಾಲುಗಳ ಜೊತೆ ಸೇರಿ ಆಗುವುದು. ಶತಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಾಲಿಗೆಗೆ ಗೊತ್ತಾಗುತ್ತದೆ, ಇಟ್ಟರೆ ಕಡಿಮೆಯಾಗುವುದಿಲ್ಲ. ಈ ಬ್ಯಾಚ್ ಚೆಲ್ಲಬೇಕು. ಕ್ಲೋರಿನ್ ಕುದಿಸಿದರೆ ಹೋಗುತ್ತದೆ, ಕ್ಲೋರಮೈನ್ ಅಷ್ಟು ಸುಲಭವಾಗಿ ಹೋಗದು. ಎರಡಕ್ಕೂ ಕ್ಯಾಂಪ್ಡೆನ್ ಮಾತ್ರೆ, ಅಂದರೆ ಪೊಟ್ಯಾಸಿಯಮ್ ಮೆಟಾಬೈಸಲ್ಫೈಟ್, ಮದ್ದು. 75 ಲೀಟರ್ ನೀರಿಗೆ ಒಂದು ಮಾತ್ರೆಯ ಲೆಕ್ಕ, 15 ಲೀಟರಿಗೆ ಕಾಲು ಮಾತ್ರೆ ಪುಡಿ ಮಾಡಿ ಕಲಕಿದರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಫರ್ಮೆಂಟರನ್ನು ಬ್ಲೀಚಿನಲ್ಲಿ ತೊಳೆದಿದ್ದೀರಾ? ಹಾಗಿದ್ದರೆ ಅದನ್ನೂ ನಿಲ್ಲಿಸಿ. ಬ್ಲೀಚನ್ನು ಆಮ್ಲದ ಸ್ಯಾನಿಟೈಸರ್ ಜೊತೆ ಯಾವತ್ತೂ ಬೆರೆಸಬಾರದು, ಕ್ಲೋರಿನ್ ಅನಿಲ ಹೊರಡುತ್ತದೆ.

ವಾಸನೆ ಔಷಧಿಯದಲ್ಲ, ಲವಂಗದ್ದು ಎಂದಾದರೆ ಅದು ಯೀಸ್ಟಿನ ಗುಣ. ಗೋಧಿ ಬಿಯರಿನ ಯೀಸ್ಟುಗಳು ಹಾಗೆಯೇ.

ಪ್ರಶ್ನೆ: ಆರ್‌ಓ ನೀರಿನಲ್ಲಿ ಮಾಡಿದರೆ ಕ್ಲೋರಿನ್ ಕಾಟ ಇಲ್ಲವಲ್ಲ?

ಉತ್ತರ: ಇಲ್ಲ, ಆದರೆ ಖನಿಜವೂ ಇಲ್ಲ. ಮ್ಯಾಶ್‌ಗೂ ಯೀಸ್ಟಿಗೂ ಕ್ಯಾಲ್ಸಿಯಂ ಬೇಕು. 15 ಲೀಟರಿಗೆ ಆಹಾರದರ್ಜೆಯ ಜಿಪ್ಸಂ 1.5 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ 1.5 ಗ್ರಾಂ ಹಾಕಿದರೆ ಲೀಟರಿಗೆ ಸುಮಾರು 50 ಮಿ.ಗ್ರಾಂ. ಕ್ಯಾಲ್ಸಿಯಂ ಸಿಗುತ್ತದೆ. ಜಿಪ್ಸಂ ಹೆಚ್ಚಿಸಿದರೆ ಹಾಪ್ಸಿನ ಕಹಿ ಚೂಪಾಗುತ್ತದೆ, ಕ್ಲೋರೈಡ್ ಹೆಚ್ಚಿಸಿದರೆ ಮಾಲ್ಟಿನ ರುಚಿ ದುಂಡಗಾಗುತ್ತದೆ. ಮ್ಯಾಶಿನ ಪಿಎಚ್ 5.2–5.6 ಇರಲಿ, ತಣ್ಣಗಾದ ಮಾದರಿಯಲ್ಲಿ ಅಳೆಯಿರಿ. ಅಂದಹಾಗೆ ಪಿಎಚ್ ಎಂಬ ಅಳತೆಯೇ ಬಿಯರ್ ಕೆಲಸದ ನಡುವೆ ಹುಟ್ಟಿದ್ದು: ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ ಸೋರೆನ್‌ಸನ್ ಅದನ್ನು 1909ರಲ್ಲಿ ರೂಪಿಸಿದರು.

ಪ್ರಶ್ನೆ: ಬೆಣ್ಣೆಯ ವಾಸನೆ ಬರುತ್ತಿದೆ. ಬಾಟಲಿಗೆ ತುಂಬುವಾಗ ಇರಲಿಲ್ಲ, ಎರಡು ವಾರದ ಮೇಲೆ ಬಂತು.

ಉತ್ತರ: ಡೈಅಸಿಟೈಲ್. ಯೀಸ್ಟ್ ಬೆಳೆಯುವಾಗ ವಾಸನೆಯಿಲ್ಲದ ಒಂದು ಪೂರ್ವವಸ್ತುವನ್ನು ಹೊರಬಿಡುತ್ತದೆ. ಅದು ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ, ಯೀಸ್ಟೇ ಮತ್ತೆ ಅದನ್ನು ಹೀರಿಕೊಳ್ಳುತ್ತದೆ. ಆತುರಪಟ್ಟು ತಂಪು ಮಾಡಿದರೆ ಹೀರಿಕೊಳ್ಳುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ತುಂಬುವಾಗ ವಾಸನೆ ಇರದಿದ್ದುದಕ್ಕೆ ಕಾರಣ ಅದೇ, ಪೂರ್ವವಸ್ತು ಒಳಗೇ ಅಡಗಿತ್ತು.

ತುಂಬುವ ಮೊದಲೇ ಕಂಡುಹಿಡಿಯುವ ಪರೀಕ್ಷೆ ಇದೆ. ಎರಡು ಲೋಟದಲ್ಲಿ ಅರ್ಧರ್ಧ ಬಿಯರ್ ತೆಗೆದುಕೊಳ್ಳಿ. ಒಂದನ್ನು ಮುಚ್ಚಿ, 60–65 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ, ಮತ್ತೆ ತಣ್ಣಗೆ ಮಾಡಿ ಎರಡನ್ನೂ ಮೂಸಿ. ಬಿಸಿ ಮಾಡಿದ್ದು ಮಾತ್ರ ಬೆಣ್ಣೆ ವಾಸನೆ ಕೊಟ್ಟರೆ ಬಿಯರನ್ನು ಯೀಸ್ಟಿನ ಜೊತೆಯೇ 20–22ರಲ್ಲಿ ಇನ್ನೂ ಎರಡು ಮೂರು ದಿನ ಬಿಡಿ, ಆಮೇಲೆ ಮತ್ತೆ ಪರೀಕ್ಷಿಸಿ. ಲಾಗರ್ ಮಾಡುವವರು ಇದನ್ನು ತಪ್ಪಿಸಲೇಬಾರದು. ಬಾಟಲಿಯಲ್ಲಿರುವುದನ್ನು ಒಂದು ವಾರ ಬೆಚ್ಚಗಿಟ್ಟು ನೋಡಿ. ಬೆಣ್ಣೆಯ ಜೊತೆ ಹುಳಿಯೂ ಬಂದು, ಸುರಿದಾಗ ಲೋಳೆಯಂತೆ ಎಳೆ ಎಳೆಯಾಗಿದ್ದರೆ ಪೀಡಿಯೊಕಾಕಸ್ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ.

ಪ್ರಶ್ನೆ: ಬಿಯರಿನ ಮೇಲೆ ಬಿಳಿ ಪೊರೆ ಕಟ್ಟಿದೆ. ಪ್ರತಿಸಲ ಸ್ಯಾನಿಟೈಸರ್ ಬಳಸಿಯೂ ಇದು ಎರಡನೆಯ ಬಾರಿ.

ಉತ್ತರ: ನೊರೆ ಇಳಿದ ಮೇಲೆ ತೇಲುವ ಯೀಸ್ಟಿನ ತುಣುಕುಗಳನ್ನು ಕಂಡು ಹೆದರುವವರಿದ್ದಾರೆ, ಅವು ನಿರುಪದ್ರವಿ. ಒಣಗಿದಂತೆ ಸುಕ್ಕುಗಟ್ಟಿದ ಹಾಳೆ, ಅದರಡಿ ದೊಡ್ಡ ದೊಡ್ಡ ಗುಳ್ಳೆ ಕಂಡರೆ ಅದು ಕಾಡು ಯೀಸ್ಟ್ ಅಥವಾ ಬ್ಯಾಕ್ಟೀರಿಯಾದ ಪೊರೆ. ತುಪ್ಪಳದಂತೆ ಹಸಿರೋ ಕಪ್ಪೋ ಬೂಸ್ಟು ಬಂದಿದ್ದರೆ ರುಚಿ ನೋಡದೆ ಚೆಲ್ಲಿ.

ಎರಡು ಸಲ ಆಗಿದೆ ಅಂದರೆ ಕೊಳೆ ಎಲ್ಲೋ ಅಡಗಿದೆ. ಕೊಳೆ ತೊಳೆಯುವುದು ಬೇರೆ, ಸೂಕ್ಷ್ಮಜೀವಿ ಕೊಲ್ಲುವುದು ಬೇರೆ. ಕೊಳೆಯ ಪದರದ ಕೆಳಗಿರುವ ಜೀವಿಯನ್ನು ಸ್ಯಾನಿಟೈಸರ್ ಮುಟ್ಟುವುದಿಲ್ಲ. ಮೊದಲು ಸೋಡಿಯಂ ಪರ್‌ಕಾರ್ಬೊನೇಟನ್ನು ಬಿಸಿನೀರಿನಲ್ಲಿ ಕರಗಿಸಿ ನೆನೆಸಿ ತೊಳೆಯಿರಿ, ಆಮೇಲೆ ಫಾಸ್ಫಾರಿಕ್ ಆಮ್ಲದ ಸ್ಯಾನಿಟೈಸರನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಬಳಸಿ. ಮೇಲ್ಮೈ ಒದ್ದೆಯಾಗಿರುವಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುತ್ತದೆ. ಫರ್ಮೆಂಟರಿಗೆ ನಲ್ಲಿ ಇದ್ದರೆ ಅದನ್ನು ತಿರುಚಿ ಹೊರತೆಗೆದು, ತಿರುಗುವ ಒಳಭಾಗವನ್ನು ಒತ್ತಿ ಬೇರ್ಪಡಿಸಿ. ಹೊರಗಿನಿಂದ ಫಳಫಳಿಸುವ ಆ ನಲ್ಲಿಯ ಒಳಗೆ ಕಂದು ಲೋಳೆ ಅಂಟಿರುವುದು ಅಪರೂಪವಲ್ಲ. ಒಳಗೋಡೆ ಗೀಚಿಕೊಂಡ ಪ್ಲಾಸ್ಟಿಕ್ ಪಾತ್ರೆ, ಹಳೆಯ ಸೈಫನ್ ಕೊಳವೆ ಎರಡನ್ನೂ ಬದಲಿಸಿ.

ಪ್ರಶ್ನೆ: ಮನೆಯಲ್ಲಿ ಮಾಡಿದ ಬಿಯರಿನಿಂದ ಕಣ್ಣು ಹೋಗುತ್ತದೆ ಎನ್ನುತ್ತಾರೆ. ನಿಜವೇ? ಬಿಯರನ್ನು ಭಟ್ಟಿ ಇಳಿಸಬಹುದೇ?

ಉತ್ತರ: ಕಣ್ಣು ಕಳೆಯುವುದು ಮೆಥನಾಲ್. ಅದು ಮುಖ್ಯವಾಗಿ ಹಣ್ಣಿನ ಪೆಕ್ಟಿನ್‌ನಿಂದ ಬರುವಂಥದ್ದು, ಮಾಲ್ಟಿನ ಬಿಯರಿನಲ್ಲಿ ಲೆಕ್ಕಕ್ಕೆ ಬಾರದಷ್ಟು ಅತ್ಯಲ್ಪ. ಸಾವುನೋವಿನ ಸುದ್ದಿಗಳ ಹಿಂದೆ ಇರುವುದು ಕೈಗಾರಿಕಾ ಮೆಥನಾಲ್ ಬೆರೆಸಿದ ಕಲಬೆರಕೆ ಮದ್ಯ. ಭಟ್ಟಿ ಇಳಿಸುವುದು ಬೇಡ. ಬಹುತೇಕ ಎಲ್ಲ ಕಡೆ ಪರವಾನಗಿ ಇಲ್ಲದೆ ಅದು ಅಪರಾಧ, ಮದ್ಯದ ಆವಿಗೆ ಬೆಂಕಿ ತಗುಲಿದರೆ ಮನೆಯೇ ಹೋಗುತ್ತದೆ.

ನಿಜವಾಗಿ ಜಾಗ್ರತೆ ಬೇಕಾದ್ದು ಹುದುಗದ ವರ್ಟ್ ಬಗ್ಗೆ. ಅದರಲ್ಲಿ ಮದ್ಯವಿಲ್ಲ, ಹುಳಿಯೂ ಸಾಲದು. ಯೀಸ್ಟ್ ಬೆಳೆಸಲೆಂದು ಕುದಿಸಿದ ವರ್ಟನ್ನು ಬಿಗಿ ಮುಚ್ಚಳದ ಜಾಡಿಯಲ್ಲಿ ಕೋಣೆಯ ಉಷ್ಣತೆಯಲ್ಲಿ ದಿನಗಟ್ಟಲೆ ಇಡುವವರಿದ್ದಾರೆ. ಬಾಟ್ಯುಲಿಸಂ ವಿಷಕ್ಕೆ ಅದು ಹೇಳಿ ಮಾಡಿಸಿದ ಜಾಗ. ಬೇಕಾದಾಗ ಬೇಕಾದಷ್ಟೇ ಹೊಸದಾಗಿ ಕುದಿಸಿಕೊಳ್ಳಿ.

ಪ್ರಶ್ನೆ: ಹಾಪ್ಸ್ ಧಾರಾಳವಾಗಿ ಹಾಕಿದ ಬಿಯರ್ ಮೊದಲ ವಾರ ಘಮಘಮಿಸುತ್ತಿತ್ತು. ತಿಂಗಳೊಳಗೆ ಬಣ್ಣ ಕಂದಾಗಿ, ಒದ್ದೆ ರಟ್ಟಿನ ರುಚಿ ಬಂತು.

ಉತ್ತರ: ಗಾಳಿ ಸೇರಿದೆ. ಹಾಪ್ಸ್ ಹೆಚ್ಚಿದಷ್ಟೂ ಬಿಯರಿಗೆ ಆಮ್ಲಜನಕ ಆಗಿಬರದು. ಹುದುಗುವಾಗ ಮುಚ್ಚಳ ತೆಗೆದು ಇಣುಕುವ ಚಪಲ ಬಿಡಿ. ಒಣ ಹಾಪ್ಸನ್ನು ಹುದುಗುವಿಕೆ ಇನ್ನೇನು ಮುಗಿಯಬೇಕು ಅನ್ನುವಾಗ, 3–4 ಪಾಯಿಂಟ್ ಬಾಕಿ ಇರುವಂತೆ, ಲೀಟರಿಗೆ 3–5 ಗ್ರಾಂ ಹಾಕಿ. ಜೊತೆಗೆ ಹೊಕ್ಕ ಗಾಳಿಯನ್ನು ಯೀಸ್ಟೇ ತಿಂದುಬಿಡುತ್ತದೆ. ಮೂರು ದಿನ ಸಾಕು. ಇಲ್ಲೊಂದು ಸೂಕ್ಷ್ಮವಿದೆ: ಹಾಪ್ಸಿನಲ್ಲೂ ಕಿಣ್ವಗಳಿವೆ, ಅವು ಉಳಿದ ಡೆಕ್ಸ್ಟ್ರಿನ್ ಒಡೆದು ಹುದುಗುವಿಕೆಯನ್ನು ಮತ್ತೆ ಶುರು ಮಾಡಬಲ್ಲವು. ಹಾಗಾಗಿ ಗ್ರ್ಯಾವಿಟಿ ಸ್ಥಿರವಾಗಿದೆಯೇ ಎಂಬುದನ್ನು ಹಾಪ್ಸ್ ಹಾಕಿದ ಮೇಲೆ ಇನ್ನೊಮ್ಮೆ ನೋಡಿಯೇ ಬಾಟಲಿಗೆ ತುಂಬಿ. ತುಂಬುವಾಗ ಕೊಳವೆ ಬಾಟಲಿಯ ತಳ ಮುಟ್ಟಲಿ, ಸಳಸಳ ಸದ್ದಾಗಬಾರದು, ಮೇಲೇರಿದ ನೊರೆಯ ಮೇಲೆಯೇ ಮುಚ್ಚಳ ಒತ್ತಿ. ಅನಿಲ ತುಂಬಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಬೇಗ ಮುಗಿಸಿ.

ಪ್ರಶ್ನೆ: ಹಸಿರು ಬಾಟಲಿ ಬಳಸಬಹುದೇ?

ಉತ್ತರ: ಕತ್ತಲಲ್ಲಿಡುವುದಾದರೆ ಸರಿ. ಬೆಳಕು ಹಾಪ್ಸಿನ ಕಹಿವಸ್ತುವನ್ನು ಒಡೆದು ದುರ್ನಾತದ ಗಂಧಕದ ಸಂಯುಕ್ತ ಮಾಡುತ್ತದೆ. ಬಿಸಿಲಿಗೆ ಕೆಲವೇ ನಿಮಿಷ ಸಾಕು. ಕಂದು ಗಾಜು ಬಹುಪಾಲು ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ.

ಪ್ರಶ್ನೆ: ತಳದಲ್ಲಿ ಉಳಿದ ಯೀಸ್ಟನ್ನು ಮತ್ತೆ ಬಳಸಬಹುದೇ?

ಉತ್ತರ: ಖಂಡಿತ. ಕಾರ್ಲ್ಸ್‌ಬರ್ಗ್‌ನಲ್ಲೇ ಎಮಿಲ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವುದಕ್ಕೂ ಮುಂಚೆ ಎಲ್ಲರೂ ಹಿಂದಿನ ಬ್ಯಾಚಿನ ಗಸಿಯನ್ನೇ ಮುಂದಿನದಕ್ಕೆ ಹಾಕುತ್ತಿದ್ದರು. ಬಿಯರ್ ಇಳಿಸಿಕೊಂಡ ಮೇಲೆ ಒಂದಿಷ್ಟನ್ನು ಮಾತ್ರ ತಳದಲ್ಲಿ ಬಿಟ್ಟು, ಗಸಿಯ ಜೊತೆ ಕಲಕಿ ಸ್ಯಾನಿಟೈಸ್ ಮಾಡಿದ ಜಾಡಿಗೆ ಸುರಿಯಿರಿ. ನೀರು ಹಾಕಿ ತೊಳೆಯುವ ಅಗತ್ಯವಿಲ್ಲ; ಬಿಯರಿನ ಹುಳಿಯೂ ಮದ್ಯವೂ ಯೀಸ್ಟಿಗೆ ರಕ್ಷಣೆ. 10 ಲೀಟರಿನ ಹೊಸ ಬ್ಯಾಚಿಗೆ 80–100 ಮಿ.ಲೀ. ಗಟ್ಟಿ ಗಸಿ ಸಾಕು. ಫ್ರಿಜ್ಜಿನಲ್ಲಿ ಎರಡು ವಾರ ಚೆನ್ನಾಗಿರುತ್ತದೆ, ಆಮೇಲೆ ಕೋಶಗಳು ಸಾಯುತ್ತಾ ಹೋಗುತ್ತವೆ. ಐದಾರು ಬ್ಯಾಚ್ ಆದ ಮೇಲೆ ಹೊಸ ಪೊಟ್ಟಣ ತೆರೆಯಿರಿ. ತುಂಬ ಮದ್ಯಾಂಶದ ಬಿಯರಿನ, ಹುಳಿ ಬಂದ ಬ್ಯಾಚಿನ ಗಸಿ ಬೇಡ. ಜಾಡಿಯ ಮುಚ್ಚಳವನ್ನು ಬಿಗಿಯಬೇಡಿ. ಫ್ರಿಜ್ಜಿನ ತಂಪಿನಲ್ಲೂ ಯೀಸ್ಟ್ ನಿಧಾನವಾಗಿ ಅನಿಲ ಬಿಡುತ್ತಲೇ ಇರುತ್ತದೆ.